ಸುಳಿ ಬಿಡಿ, ಕಾಲು ನೋಡಿ

(ಕುದುರೆ ಸಾಕುವವರು, ಕಾಫಿ ತೋಟದವರು, ಒಂದಷ್ಟು ಪಶುವೈದ್ಯ ವಿದ್ಯಾರ್ಥಿಗಳು ಹಾಸನದಲ್ಲಿ ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಎರಡೆರಡು ಸಲ ಹೇಳಿದ್ದನ್ನು ಒಂದು ಸಲ ಮಾಡಿದ್ದೇನೆ. ಅವತ್ತು ಮರೆತುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಸಕಲೇಶಪುರದ ಹತ್ತಿರ ಸ್ವಲ್ಪ ತೋಟ ಇದೆ, ಎರಡು ಕುದುರೆ ಇವೆ. ಒಂದು ತುಂಗೆ, ಇನ್ನೊಂದು ಬಸ್ಯ. ಈ ಎರಡು ಕುದುರೆಗಳ ಹದಿನಾರು ಕಾಲು, ಕ್ಷಮಿಸಿ, ಎಂಟು ಕಾಲು ನನಗೆ ಕಲಿಸಿದ್ದನ್ನು ಇವತ್ತು ಹೇಳುತ್ತೇನೆ. ಖರ್ಚು ಮಾತ್ರ ಹದಿನಾರು ಕಾಲಿನಷ್ಟು ಆಗಿದೆ.

ತುಂಗೆಯನ್ನು ಕೊಂಡ ದಿನದಿಂದಲೇ ಶುರು ಮಾಡೋಣ. ಅವಳನ್ನು ನೋಡಲು ಬಹಳ ದೂರ ಹೋಗಿದ್ದೆ. ಮಾರುವವರು ಅವಳ ಗಂಟಲ ಕೆಳಗೆ ಕೈ ಇಟ್ಟು, 'ನೋಡಿ ಸರ್, ದೇವಮಣಿ ಸುಳಿ' ಅಂದರು. ಗಂಟಲಲ್ಲಿ ಆ ಸುಳಿ, ಅಂದರೆ ಕೂದಲು ಸುತ್ತಿಕೊಂಡಿರುವ ಗುರುತು, ಇದ್ದರೆ ಬೇರೆ ಸುಳಿಯ ದೋಷವೂ ನಿಲ್ಲುವುದಿಲ್ಲ ಅಂತ ನಂಬಿಕೆ. ನಮ್ಮಲ್ಲಿ ಎತ್ತು ಕೊಳ್ಳುವಾಗಲೂ ಸುಳಿ ನೋಡದೆ ಹಗ್ಗ ಹಿಡಿಯುವುದಿಲ್ಲ, ಅಲ್ವಾ? ನಾನೂ ನೋಡಿದೆ. ಸುಳಿ ಇತ್ತು. ಬಣ್ಣ ಒಳ್ಳೆ ಜೇನುತುಪ್ಪದ್ದು. ಕುತ್ತಿಗೆ, ಕಣ್ಣು, ಬಾಲ ಎತ್ತುವ ರೀತಿ ಎಲ್ಲವೂ ಸರಿ. ದುಡ್ಡು ಕೊಟ್ಟು ಬಂದೆ.

ಒಂದು ವಿಷಯ ಮಾತ್ರ ಆಮೇಲೆ ಹೊಳೆಯಿತು. ಅವಳನ್ನು ಹುಲ್ಲಿನಲ್ಲಿ ನಿಲ್ಲಿಸಿದ್ದರು. ಗೆಣ್ಣಿನ ತನಕ ಹುಲ್ಲು. ಆ ಕುದುರೆಯ ಪಾದವನ್ನು ನಾನು ನೋಡಿಯೇ ಇರಲಿಲ್ಲ!

ಸರಿ. ದೂರದ ಓಟ, ಅಂದರೆ ಎಂಡ್ಯೂರೆನ್ಸ್, ಏನು ಅಂತ ಹೊಸಬರಿಗೆ ಎರಡು ಮಾತು. ಇದು ಬೆಂಗಳೂರಿನ ಅಥವಾ ಮೈಸೂರಿನ ರೇಸ್ ಅಲ್ಲ. ರೇಸ್ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ ದಾರಿ 40 ಕಿಲೋಮೀಟರಿನಿಂದ 160 ಕಿಲೋಮೀಟರ್ ತನಕ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೆವಿಸ್ ಕಪ್ ಅಂತ ಒಂದಿದೆ, 1955ರಲ್ಲಿ ಶುರುವಾದದ್ದು. ಬೆಟ್ಟ ಹತ್ತಿ, ಕಣಿವೆ ಇಳಿದು, 100 ಮೈಲಿಯನ್ನು 24 ಗಂಟೆಯೊಳಗೆ ಮುಗಿಸಬೇಕು. ದಾರಿಯ ನಡುನಡುವೆ ಪಶುವೈದ್ಯರು ಕುದುರೆಯನ್ನು ತಡೆದು ನೋಡುತ್ತಾರೆ. ಎದೆ ಬಡಿತ ಕೊಟ್ಟ ಸಮಯದೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಆಮೇಲೆ ಗಟ್ಟಿ ನೆಲದಲ್ಲಿ ಹಗ್ಗ ಸಡಿಲ ಬಿಟ್ಟು ಓಡಿಸಿ ತೋರಿಸಬೇಕು. ಕುಂಟು ಕಂಡರೆ ಅಲ್ಲಿಗೆ ಮುಗಿಯಿತು, ಮನೆಗೆ. ದೂರದ ಓಟದಿಂದ ಕುದುರೆಗಳು ಹೊರಗೆ ಬೀಳುವುದು ಎದೆ ಸೋತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಜಾಸ್ತಿ ಕುದುರೆಗಳು ಹೊರಬೀಳುವುದು ಕಾಲಿನಿಂದ.

ಅಂದಹಾಗೆ ಈ 100 ಮೈಲಿ ನಮಗೆ ಹೊಸದೇನಲ್ಲ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆಯಲ್ಲ, ಆ ದನಗಳ ಹಿರಿಯರು ಹೈದರಾಲಿಯ ಸೈನ್ಯದ ಸಾಮಾನು ಎಳೆದವು. ಹೈದರ್ ಚಿದಂಬರದ ಕಡೆ ಎರಡೂವರೆ ದಿನದಲ್ಲಿ 100 ಮೈಲಿ ಹೋದದ್ದು ಈ ಎತ್ತುಗಳ ಬಲದಿಂದ ಅಂತ ಹಳೆಯ ಬರಹಗಳಲ್ಲಿ ಇದೆ. ಆ ಎತ್ತುಗಳ ಕಾಲನ್ನು ಯಾರಾದರೂ ಹತ್ತಿರದಿಂದ ನೋಡಿದ್ದೀರಾ? ತೆಳು, ಬಿಗಿ, ಗೊರಸು ಚಿಕ್ಕದು, ಗಟ್ಟಿ. ಮಾಂಸವೆಲ್ಲ ಮೇಲೆ, ಕೆಳಗೆ ಬರೀ ಮೂಳೆ, ಹುರಿ. ಕಾಲಿನ ತುದಿಯಲ್ಲಿ ಭಾರ ಇಟ್ಟುಕೊಂಡು ದೂರ ಓಡುವುದು ಅಂದರೆ ಒನಕೆಯ ತುದಿಗೆ ಕಲ್ಲು ಕಟ್ಟಿಕೊಂಡು ಬತ್ತ ಕುಟ್ಟಿದ ಹಾಗೆ.

ಈಗ ಒಂದು ಲೆಕ್ಕ. ಕುದುರೆ ಹದವಾದ ಟ್ರಾಟ್‌ನಲ್ಲಿ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟದಲ್ಲಿ, ಹೋಗುತ್ತಿದೆ. ಒಂದು ಕಾಲು ಎತ್ತಿ ಅದೇ ಕಾಲು ಮತ್ತೆ ನೆಲಕ್ಕೆ ಬರುವಷ್ಟರಲ್ಲಿ ಎರಡೂವರೆಯಿಂದ ಮೂರು ಮೀಟರ್ ಮುಂದೆ ಹೋಗಿರುತ್ತದೆ ಅಂತ ಇಟ್ಟುಕೊಳ್ಳಿ. 160 ಕಿಲೋಮೀಟರಿಗೆ ಎಷ್ಟಾಯಿತು? 53 ಸಾವಿರದಿಂದ 64 ಸಾವಿರ. ಒಂದೊಂದು ಕಾಲೂ ಅಷ್ಟು ಸಲ ನೆಲ ಗುದ್ದುತ್ತದೆ, ಬೆನ್ನ ಮೇಲೆ ನಾವೂ ಕೂತಿರುವಾಗ. ಒಂದು ಗುದ್ದಿನಲ್ಲಿ ಕಾಲು ಒಂದಿಷ್ಟೇ ಇಷ್ಟು ಓರೆಯಾಗಿ ಬಿದ್ದರೆ ಏನೂ ಆಗುವುದಿಲ್ಲ. ಅರವತ್ತು ಸಾವಿರ ಸಲ ಅದೇ ಜಾಗಕ್ಕೆ, ಅದೇ ಓರೆಯಲ್ಲಿ ಬಿದ್ದರೆ? ಕಾಲಿನ ಆಕಾರದ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದು ಇದೊಂದೇ ಕಾರಣಕ್ಕೆ. ಮನೆ ಮುಂದೆ ಅರ್ಧ ಗಂಟೆ ಸವಾರಿ ಮಾಡುವವರಿಗೆ ಈ ಮಾತೆಲ್ಲ ಅಷ್ಟು ಬೇಕಾಗಿಲ್ಲ.

ಎಲ್ಲರೂ ಬಲಗೈ ಮೇಜಿನ ಮೇಲೆ ಇಡಿ. ಮೇಜು ಇಲ್ಲದವರು ತೊಡೆಯ ಮೇಲೆ ಇಡಿ. ಈಗ ನಡುಬೆರಳೊಂದರ ತುದಿ ಮಾತ್ರ ಕೆಳಗೆ ತಾಗುವ ಹಾಗೆ ಅಂಗೈ ಮೇಲೆತ್ತಿ. ಬಾಕಿ ಬೆರಳು ಮರೆತುಬಿಡಿ. ಇದೇ ಕುದುರೆಯ ಮುಂಗಾಲು. ಉಗುರು ಗೊರಸು. ಬೆರಳಿನ ಓರೆ ಭಾಗ ಪಾಸ್ಟರ್ನ್. ಬೆರಳು ಅಂಗೈಗೆ ಸೇರುವ ಗಂಟು ಗೆಣ್ಣು, ಫೆಟ್‌ಲಾಕ್ ಅನ್ನುತ್ತಾರೆ. ಅಂಗೈಯ ಉದ್ದ ಮೂಳೆ ಕ್ಯಾನನ್, ನಳಿ ಮೂಳೆ. ನಾವು ಕುದುರೆಯ 'ಮಂಡಿ' ಅನ್ನುತ್ತೇವಲ್ಲ, ಅದು ನಿಜವಾಗಿ ಅದರ ಮಣಿಕಟ್ಟು. ಮೊಣಕೈ ಎದೆಯ ಪಕ್ಕ ಅಡಗಿದೆ. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವ ಗಂಟು, ಹಾಕ್, ಅದು ಹಿಮ್ಮಡಿ. ಅಂದರೆ ನಾಲ್ಕು ನೂರು ಕಿಲೋ ಪ್ರಾಣಿ ನಾಲ್ಕು ಬೆರಳಿನ ಉಗುರಿನ ಮೇಲೆ ನಿಂತಿದೆ. ಇನ್ನೂ ಒಂದು ನಿಮಿಷ ಹಾಗೇ ಹಿಡಿದುಕೊಳ್ಳಿ. ಯಾರಿಗೆ ಕೈ ನಡುಗುತ್ತಿದೆ?

ಇನ್ನೊಂದು ವಿಚಿತ್ರ. ನಮಗೆ ಇರುವ ಹಾಗೆ ಕುದುರೆಗೆ ಕುತ್ತಿಗೆ ಬುಡದ ಅಡ್ಡ ಮೂಳೆ ಇಲ್ಲ. ಮುಂಗಾಲು ಮೈಗೆ ಮೂಳೆಯಿಂದ ಸೇರಿಲ್ಲ. ಎದೆ ಎರಡು ಹೆಗಲ ಹಲಗೆಗಳ ನಡುವೆ ಮಾಂಸದ ಜೋಲಿಯಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿದೆ. ಮೈಭಾರದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಮುಂಗಾಲಿನ ಮೇಲೆ ಬೀಳುತ್ತದೆ. ಹಾಗಾಗಿ ಮುಂಗಾಲಿನ ಕೆಲಸ ಭಾರ ಹೊರುವುದು, ಗುದ್ದು ತಿನ್ನುವುದು. ಹಿಂಗಾಲಿನ ಕೆಲಸ ದಬ್ಬುವುದು. ಮುಂಗಾಲಿನ ತಪ್ಪಿಗೆ ನಾನು ಹಿಂಗಾಲಿನ ತಪ್ಪಿಗಿಂತ ಜಾಸ್ತಿ ಹೆದರುತ್ತೇನೆ.

ಹಳೇಬೀಡಿಗೆ ಎಲ್ಲರೂ ಹೋಗಿರುತ್ತೀರಿ. ಹೊಯ್ಸಳೇಶ್ವರನ ಗುಡಿಯ ಬುಡದ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆ ಸವಾರರು. ಆನೆ ಬಲಕ್ಕೆ, ಕುದುರೆ ವೇಗಕ್ಕೆ ಅಂತ ಗೈಡುಗಳು ಹೇಳುತ್ತಾರೆ. ನನಗೆ ಅಲ್ಲಿ ನಿಂತಾಗ ಬೇರೆಯೇ ಕಾಣುತ್ತದೆ. ಆನೆಯ ಕಾಲು ಕಂಬ. ಮೂಳೆಯ ಮೇಲೆ ಮೂಳೆ ನೆಟ್ಟಗೆ ಕೂತಿದೆ. ಅದಕ್ಕೇ ಆನೆ ನೆಗೆಯುವುದಿಲ್ಲ. ಕುದುರೆಯ ಕಾಲು ಸ್ಪ್ರಿಂಗು. ಗೆಣ್ಣಿನ ಹತ್ತಿರ ಬೇಕೆಂದೇ ಬಾಗಿದೆ. ಭಾರ ಬಿದ್ದಾಗ ಗೆಣ್ಣು ಕೆಳಕ್ಕೆ ಕುಸಿಯುತ್ತದೆ. ನಾಗಾಲೋಟದಲ್ಲಂತೂ ನೆಲ ಮುಟ್ಟುವಷ್ಟು ಕುಸಿಯುತ್ತದೆ. ಹಿಂದಿನ ಹುರಿಗಳು ರಬ್ಬರಿನ ಹಾಗೆ ಎಳೆದುಕೊಂಡು, ಮತ್ತೆ ಕುಗ್ಗುವಾಗ ಕಾಲನ್ನು ಎತ್ತಿ ಎಸೆಯುತ್ತವೆ. ಆ ಶಕ್ತಿಗೆ ಮೇವಿನ ಖರ್ಚಿಲ್ಲ. ಕುದುರೆ ಅಷ್ಟು ದೂರ ಹೋಗುವುದು ಈ ಪುಕ್ಕಟೆ ಶಕ್ತಿಯಿಂದ.

ಹುರಿ ಅಂದೆ. ನಾವು ಮಾತಿನಲ್ಲಿ 'ಕಾಲಿನ ನರ ಎಳೆದಿದೆ' ಅನ್ನುತ್ತೇವೆ. ಅದು ನರ ಅಲ್ಲ, ಟೆಂಡನ್. ಮಂಡಿಯಿಂದ ಕೆಳಗೆ ಕುದುರೆಗೆ ಹೇಳಿಕೊಳ್ಳುವಷ್ಟು ಮಾಂಸವೇ ಇಲ್ಲ, ಬರೀ ಹುರಿ, ಮೂಳೆಗೆ ಮೂಳೆ ಬಿಗಿಯುವ ಕಟ್ಟು (ಲಿಗಮೆಂಟ್), ಮೂಳೆ, ಚರ್ಮ. ಸಾವಿರಾರು ಸಲ ಎಳೆದು ಬಿಟ್ಟರೆ ಹುರಿ ಬಿಸಿಯಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ, ಹಾಗೆ. ನಾಗಾಲೋಟದಲ್ಲಿ ಹಿಂದಿನ ಮೇಲ್ಹುರಿಯ ಒಳತಿರುಳು 45 ಡಿಗ್ರಿ ಸೆಲ್ಸಿಯಸ್ ತನಕ ಕಾಯುವುದನ್ನು ಅಳೆದಿದ್ದಾರೆ. ಅಲ್ಲಿ ರಕ್ತದ ಓಡಾಟ ಕಮ್ಮಿ, ಬಿಸಿ ಬೇಗ ಇಳಿಯುವುದಿಲ್ಲ, ಪೆಟ್ಟು ಬಿದ್ದರೆ ಬೇಗ ಮಾಗುವುದೂ ಇಲ್ಲ. ಸವಾರಿ ಮುಗಿದ ಕೂಡಲೇ ಕಾಲಿಗೆ ತಣ್ಣೀರು ಬಿಡುವುದು ಅದಕ್ಕೇ. ಸುಮ್ನೆ ಕೆಸರು ತೊಳೆಯಲು ಅಲ್ಲ.

ಈಗ ನೋಡುವುದು ಹೇಗೆ ಅಂತ. ಗಾರೆ ಕೆಲಸದವರ ತೂಗುಗುಂಡು ನೆನಪಿಸಿಕೊಳ್ಳಿ. ಕುದುರೆಯ ಎದುರು ನಿಂತು, ಹೆಗಲ ತುದಿಯಿಂದ ದಾರ ಇಳಿಬಿಟ್ಟರೆ ಅದು ಮಂಡಿಯ ನಡುವೆ, ನಳಿಯ ನಡುವೆ, ಗೆಣ್ಣಿನ ನಡುವೆ ಹಾದು ಗೊರಸಿನ ನಡುವೆ ಬೀಳಬೇಕು. ಹಾಗಿದ್ದರೆ ಭಾರ ಎಲ್ಲ ಕೀಲಿಗೂ ಎರಡೂ ಕಡೆ ಸಮ ಹಂಚಿಕೆಯಾಗುತ್ತದೆ. ದಾರ ಒಂದು ಕಡೆ ಸರಿದರೆ ಆ ಕಡೆಯ ಮೂಳೆ ಒತ್ತುತ್ತದೆ, ಈ ಕಡೆಯ ಕಟ್ಟು ಎಳೆಯುತ್ತದೆ. ಇಷ್ಟೇ ಶಾಸ್ತ್ರ. ಬಾಕಿಯೆಲ್ಲ ಎಲ್ಲಿ ಸರಿದಿದೆ ಅನ್ನುವುದರ ವಿವರ.

ತುಂಗೆಯನ್ನು ಮನೆಗೆ ತಂದು ಕಾಫಿ ಕಣದ ಸಿಮೆಂಟಿನ ಮೇಲೆ ನಿಲ್ಲಿಸಿದಾಗ ಕಂಡಿತು. ಎರಡೂ ಮುಂಗಾಲಿನ ಗೊರಸು ಹೊರಕ್ಕೆ ತಿರುಗಿವೆ. ಗಡಿಯಾರದ ಹತ್ತು ಗಂಟೆ, ಎರಡು ಗಂಟೆ ಅಂದುಕೊಳ್ಳಿ. ಹೀಗಿರುವ ಕುದುರೆ ಕಾಲೆತ್ತಿದಾಗ ಪಾದ ನೇರ ಮುಂದೆ ಬರುವುದಿಲ್ಲ. ಒಳಕ್ಕೆ ಸುತ್ತು ಹೊಡೆದು, ಇನ್ನೊಂದು ಕಾಲಿನ ಪಕ್ಕದಲ್ಲೇ ಸವರಿಕೊಂಡು ಬಂದು ಕೆಳಗಿಳಿಯುತ್ತದೆ. ಒಂದು ಕಾಲು ನೆಲದಲ್ಲಿ ಭಾರ ಹೊತ್ತಿದೆ, ಇನ್ನೊಂದು ಅದರ ಮಗ್ಗುಲಲ್ಲೇ ಲಾಳದ ಅಂಚು ಬೀಸುತ್ತಾ ಹೋಗುತ್ತಿದೆ. ಮೊದಲ ಹತ್ತು ಕಿಲೋಮೀಟರ್ ಏನೂ ಆಗಲಿಲ್ಲ. ಕುದುರೆ ತಾಜಾ ಇರುವಾಗ ಕಾಲು ಎತ್ತರಿಸಿ ಹಾಕುತ್ತದೆ, ತಪ್ಪಿಸಿಕೊಳ್ಳುತ್ತದೆ. ದಣಿದ ಮೇಲೆ ಎತ್ತುವುದು ಕಮ್ಮಿಯಾಗುತ್ತದೆ. ಮೂವತ್ತು ದಾಟಿದ ಮೇಲೆ 'ಟಕ್' ಅಂತ ಒಂದು ಸದ್ದು. ಕಲ್ಲು ಸಿಡಿಯಿತು ಅಂದುಕೊಂಡೆ. ಇನ್ನೊಂದು ಟಕ್. ಇಳಿದು ನೋಡಿದರೆ ಎಡಗಾಲಿನ ಗೆಣ್ಣಿನ ಒಳಬದಿಯಲ್ಲಿ ನಾಲ್ಕಾಣೆಯಷ್ಟು ಅಗಲ ಚರ್ಮ ಹೋಗಿ ರಕ್ತ ಬರುತ್ತಿತ್ತು.

ಬೂಟು ಕಟ್ಟಿದೆ, ಒಳಗಾಲಿಗೆ ಕಟ್ಟುವ ಮೆತ್ತೆ ಬೂಟು. ಅಂಗಳದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಮಳೆಗಾಲದ ತೋಟದ ದಾರಿಯಲ್ಲಿ ನಾಲ್ಕು ಗಂಟೆ ಹೋಗಿ ನೋಡಿ. ಕೆಸರು, ಮರಳು ಒಳಗೆ ಹೊಕ್ಕು ಬೂಟೇ ಗಾಯ ಮಾಡಿತು. ಆ ವರ್ಷವೇ ನಳಿಯ ಒಳಬದಿಯಲ್ಲಿ ಅಡಿಕೆಯಷ್ಟು ದಪ್ಪ ಗಂಟು ಎದ್ದಿತು, ಸ್ಪ್ಲಿಂಟ್ ಅನ್ನುತ್ತಾರೆ. ಈಗಲೂ ಬೆರಳಿಗೆ ಸಿಗುತ್ತದೆ.

ಗೊರಸು ಒಳಕ್ಕೆ ತಿರುಗಿದ್ದರೆ ಇದರ ತದ್ವಿರುದ್ಧ. ಪಾದ ಹೊರಕ್ಕೆ ಸುತ್ತು ಹೊಡೆಯುತ್ತದೆ, ದೋಣಿಯ ಹುಟ್ಟು ಹಾಕಿದ ಹಾಗೆ. ನೋಡಲು ಚಂದ ಇಲ್ಲ, ಶಕ್ತಿಯೂ ಸ್ವಲ್ಪ ಪೋಲು. ಆದರೆ ತನ್ನ ಕಾಲಿಗೆ ತಾನೇ ಹೊಡೆದುಕೊಳ್ಳುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸು ಅಂದರೆ ದೂರದ ಓಟಕ್ಕೆ ನಾನು ಒಳಕ್ಕೆ ತಿರುಗಿದ್ದನ್ನೇ ಆರಿಸುತ್ತೇನೆ. ನನ್ನ ಸವಾರ ಗೆಳೆಯರಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಅವರಲ್ಲಿ ಯಾರೂ ತುಂಗೆಯ ಗಾಯಕ್ಕೆ ಔಷಧಿ ಹಚ್ಚಿಲ್ಲ.

ಇನ್ನು ಪಕ್ಕದಿಂದ ನೋಡುವುದು. ಇಲ್ಲಿ ಒಂದು ತಪ್ಪು ಇದ್ದರೆ ನಾನು ಮುಂದಿನದನ್ನು ನೋಡುವುದಿಲ್ಲ, ಹಗ್ಗ ವಾಪಸ್ ಕೊಡುತ್ತೇನೆ. ಮಂಡಿ ಹಿಂದಕ್ಕೆ ಬಾಗಿರುವುದು. ಕರುವಿನ ಮಂಡಿ ಅಂತ ಇಂಗ್ಲಿಷಿನವರು ಕರೆಯುತ್ತಾರೆ. ಮಣಿಕಟ್ಟು ಹಿಂದಕ್ಕೆ ಮುರಿದ ಹಾಗೆ ಕಾಣುತ್ತದೆ. ದಣಿದಾಗ ಅದು ಇನ್ನೂ ಹಿಂದಕ್ಕೆ ಹೋಗುತ್ತದೆ. ಮುಂಬದಿಯಲ್ಲಿ ಮಣಿಕಟ್ಟಿನ ಚಿಕ್ಕ ಮೂಳೆಗಳು ಒಂದಕ್ಕೊಂದು ಅಪ್ಪಳಿಸಿ ಅಂಚು ಚಕ್ಕೆ ಏಳುತ್ತದೆ. ಮಂಡಿ ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಅಷ್ಟು ಗಾಬರಿ ಬೇಡ. ಕಾಲು ನಡುಗದೆ ನಿಂತರೆ ಸಾಕು.

ಆಮೇಲೆ ಪಾಸ್ಟರ್ನ್. ಇದರ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಗೆ ಇದು ಬಹಳ ಹೊಂದುವ ಮಾತು. ಗೆಣ್ಣಿನಿಂದ ಗೊರಸಿನ ತನಕದ ಆ ಓರೆ ಭಾಗ ನೆಲಕ್ಕೆ ಮುಂಗಾಲಿನಲ್ಲಿ ಸುಮಾರು 45ರಿಂದ 50 ಡಿಗ್ರಿ ಇದ್ದರೆ ಹದ. ಹಿಂಗಾಲಿನಲ್ಲಿ ಇನ್ನೂ ಸ್ವಲ್ಪ ನೆಟ್ಟಗೆ. ಗೊರಸಿನ ಮುಂಬದಿಯ ಓರೆಯೂ ಅದೇ ಗೆರೆಯಲ್ಲಿ ಇರಬೇಕು, ನಡುವೆ ಮುರಿಯಬಾರದು. ಪಾಸ್ಟರ್ನ್ ಗಿಡ್ಡ, ನೆಟ್ಟಗೆ ಇದ್ದರೆ ಸ್ಪ್ರಿಂಗಿಗೆ ಜಾಗವೇ ಇಲ್ಲ. ಗುದ್ದು ನೇರ ಮೂಳೆಗೆ, ಗೊರಸಿನೊಳಗಿನ ದೋಣಿಯಾಕಾರದ ಚಿಕ್ಕ ಮೂಳೆಗೆ, ಅಲ್ಲಿಂದ ಮೇಲಕ್ಕೆ. ಸವಾರನಿಗೆ ಗೊತ್ತಾಗುತ್ತದೆ, ಸೊಂಟ ಹೇಳುತ್ತದೆ. ಪಾಸ್ಟರ್ನ್ ಉದ್ದ, ಜಾಸ್ತಿ ಮಲಗಿದ್ದರೆ ಕೂರಲು ಸೋಫಾ. ಆದರೆ ಗೆಣ್ಣು ಜಾಸ್ತಿ ಕುಸಿಯುತ್ತದೆ, ಹುರಿಯೂ ಗೆಣ್ಣನ್ನು ತೂಗಿ ಹಿಡಿದಿರುವ ಕಟ್ಟೂ ಸೋಲುತ್ತವೆ.

ಈಗ ಅರಸೀಕೆರೆ ಕಡೆಯವರು ಕೈ ಎತ್ತಿ. ಸಕಲೇಶಪುರ ಕಡೆಯವರು? ಒಂದೇ ಜಿಲ್ಲೆ, ಎರಡು ನೆಲ. ಅರಸೀಕೆರೆ ಕಡೆ ಒಣಗಿದ ಗಟ್ಟಿ ನೆಲ, ಕಲ್ಲು. ಅಲ್ಲಿ ನೆಟ್ಟನೆ ಪಾಸ್ಟರ್ನಿನ ಕುದುರೆ ಮೊದಲು ಸೋಲುತ್ತದೆ. ನಮ್ಮ ಕಡೆ ಜೂನ್ ಬಂದರೆ ಗೆಣ್ಣು ಮುಳುಗುವ ಕೆಸರು. ಅಲ್ಲಿ ಉದ್ದ ಪಾಸ್ಟರ್ನಿನ ಕುದುರೆಯ ಹುರಿ ಎಳೆಯುತ್ತದೆ. ಕಾಲು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವ ಮೊದಲು ಯಾವ ನೆಲಕ್ಕೆ ಅಂತ ಕೇಳಬೇಕು. ಮಾರುವವರು ಇದನ್ನು ಹೇಳುವುದಿಲ್ಲ. ಅವರಿಗೆ ಗೊತ್ತಿರುವುದೂ ಇಲ್ಲ, ಪಾಪ.

ಹೆಗಲ ಬಗ್ಗೆ ಬೇಗ ಮುಗಿಸುತ್ತೇನೆ. ಹೆಗಲ ಹಲಗೆ ಹಿಂದಕ್ಕೆ ಮಲಗಿದ್ದರೆ ಕಾಲು ಮುಂದಕ್ಕೆ ದೂರ ಚಾಚುತ್ತದೆ, ಹೆಜ್ಜೆ ಉದ್ದ. ನೆಟ್ಟಗಿದ್ದರೆ ಹೆಜ್ಜೆ ಗಿಡ್ಡ, ಅಷ್ಟೇ ದೂರಕ್ಕೆ ಜಾಸ್ತಿ ಹೆಜ್ಜೆ. ಆಗಿನ ಲೆಕ್ಕ ನೆನಪಿದೆಯಲ್ಲ, 53 ಸಾವಿರವೋ 64 ಸಾವಿರವೋ ಅನ್ನುವುದು ಇಲ್ಲಿ ತೀರ್ಮಾನ ಆಗುತ್ತದೆ. ಮೂಳೆಯ ದಪ್ಪಕ್ಕೆ ಹಳೆಯ ಅಂದಾಜು ಒಂದಿದೆ. ಮಂಡಿಯ ಕೆಳಗೆ ನಳಿಯ ಸುತ್ತ ದರ್ಜಿಯ ಟೇಪು ಸುತ್ತಿ. ನಾಲ್ಕೂವರೆ ನೂರು ಕಿಲೋ ಕುದುರೆಗೆ 7 ಇಂಚು ಇರಲಿ ಅನ್ನುತ್ತಾರೆ. ಚಿಕ್ಕ ಮೈ, ಒಳ್ಳೆ ನಳಿ ಇರುವ ಅರಬ್ ಕುದುರೆಗಳು ಈ ಆಟದಲ್ಲಿ ಮುಂದೆ ಇರುವುದಕ್ಕೆ ಇದೂ ಒಂದು ಕಾರಣ.

ಬಸ್ಯನ ಕಡೆ ಬರೋಣ. ಬಸ್ಯನಿಗೆ ದೇವಮಣಿ ಇಲ್ಲ. ತಲೆ ದೊಡ್ಡದು, ಕೆಳತುಟಿ ಜೋತು ಬಿದ್ದಿದೆ. ಅವನನ್ನು ತಂದಾಗ ನಮ್ಮ ತೋಟದ ಹುಡುಗರು 'ಇದೇನ್ ಸರ್, ಕತ್ತೆ ಸೇರಿದೆಯಾ' ಅಂದರು. ಮುಂಗಾಲು ಮಾತ್ರ ತೂಗುಗುಂಡಿನ ದಾರ. ಹಿಂದಿನಿಂದ ನೋಡಿದರೆ ಹಿಂಗಾಲಿನ ಹಾಕ್ ಎರಡೂ ಒಂದರ ಹತ್ತಿರ ಒಂದು ಬಂದಿವೆ, ಹಸುವಿನ ಹಾಗೆ. ಇದನ್ನು ದೋಷ ಅಂತ ಪುಸ್ತಕ ಹೇಳುತ್ತದೆ. ಆದರೆ ಸ್ವಲ್ಪ ಮಟ್ಟಿಗೆ ಇದು ಅರಬ್ ಕುದುರೆಗಳಲ್ಲಿ ಮಾಮೂಲು. ಹೊಟ್ಟೆ ಅಗಲ ಇರುವ ಕುದುರೆ ಹಿಂಗಾಲನ್ನು ಮುಂದಕ್ಕೆ ತರುವಾಗ ಹಾಕ್‌ಗಿಂತ ಮೇಲೆ, ಹೊಟ್ಟೆಯ ಪಕ್ಕ ಇರುವ ಮೊಣಕಾಲು ಸ್ವಲ್ಪ ಹೊರಗೆ ಹೋಗಲೇಬೇಕು, ಆಗ ಹಾಕ್ ಒಳಗೆ ಬರುತ್ತದೆ. ನಳಿ ನೆಟ್ಟಗಿದ್ದು, ಇಡೀ ಕಾಲು ಒಂದೇ ಸಮ ಹೊರಕ್ಕೆ ತಿರುಗಿದ್ದರೆ ನಾನು ಚಿಂತೆ ಮಾಡುವುದಿಲ್ಲ.

ಹಿಂಗಾಲಿನಲ್ಲಿ ಚಿಂತೆ ಮಾಡಬೇಕಾದ್ದು ಪಕ್ಕದಿಂದ ಕಾಣುತ್ತದೆ. ಹಾಕ್ ಜಾಸ್ತಿ ಬಾಗಿ ಕುಡುಗೋಲಿನ ಹಾಗಿದ್ದರೆ ಅದರ ಹಿಂದಿನ ಕಟ್ಟಿಗೆ ಎಳೆತ. ಏರು ಹತ್ತುವಾಗ, ಅದರಲ್ಲೂ ಇಳಿಯುವಾಗ, ಅಲ್ಲಿ ಊತ ಬರುತ್ತದೆ. ಹಾಕ್ ಬಾಗದೆ ಕಂಬದ ಹಾಗಿದ್ದರೆ ಗೆಣ್ಣಿನ ಕಟ್ಟಿಗೆ ತೊಂದರೆ, ಮೊಣಕಾಲ ಚಿಪ್ಪು ಮೇಲೆ ಸಿಕ್ಕಿಹಾಕಿಕೊಂಡು ಕಾಲೇ ಬಾಗದೆ ನಿಂತುಬಿಡುವುದೂ ಉಂಟು. ಕಂಬ ಆನೆಗೆ ಸರಿ ಅಂದೆನಲ್ಲ.

ಇನ್ನು ನನ್ನ ದೊಡ್ಡ ತಪ್ಪು. ತುಂಗೆಯ ಕಾಲು ನೆಟ್ಟಗೆ ಮಾಡೋಣ ಅಂತ ಹೊರಟೆ. ಎಲ್ಲೋ ಓದಿದ್ದೆ, ಗೊರಸಿನ ಹೊರಬದಿ ಜಾಸ್ತಿ ಕೆತ್ತಿದರೆ ಪಾದ ನೇರ ಆಗುತ್ತದೆ ಅಂತ. ಲಾಳ ಕಟ್ಟುವವರು ಬೇಡ ಅಂದರು. ನಾನು ಹಟ ಹಿಡಿದೆ. ಎದುರಿನಿಂದ ನೋಡಿದರೆ ಪಾದ ನಿಜವಾಗಿಯೂ ನೇರ ಕಂಡಿತು! ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಹತ್ತನೇ ದಿನಕ್ಕೆ ಕುಂಟಲು ಶುರು. ಎರಡು ತಿಂಗಳು ಕಟ್ಟಿಹಾಕಿದ್ದಾಯಿತು. ಆಗಿದ್ದು ಇಷ್ಟು: ಸೊಟ್ಟ ಇದ್ದದ್ದು ಮೇಲೆ, ಗೆಣ್ಣಿನಲ್ಲಿ. ಬೆಳೆದು ಮುಗಿದ ಮೂಳೆ ತಿರುಗುವುದಿಲ್ಲ. ನಾನು ಕೆಳಗಿನ ಪಾಯ ಓರೆ ಮಾಡಿ ಮೇಲಿನ ಗೋಡೆ ನೆಟ್ಟಗೆ ಕಾಣುವ ಹಾಗೆ ಮಾಡಿದ್ದೆ. ಎಲ್ಲ ಕೀಲೂ ಒಂದು ಬದಿಗೆ ಒತ್ತಿಕೊಂಡಿತು.

ಮರಿಯಲ್ಲಿ ಮಾತು ಬೇರೆ. ಹುಟ್ಟಿದ ಮರಿಯ ಕಾಲು ಸ್ವಲ್ಪ ಹೊರಕ್ಕೆ ತಿರುಗಿ, ಮಂಡಿ ಒಳಗೆ ಬಂದಿರುವುದು ಸಾಮಾನ್ಯ. ಎದೆ ಅಗಲವಾಗುತ್ತಾ ಬಹಳಷ್ಟು ತಾನೇ ಸರಿಹೋಗುತ್ತದೆ. ಆದರೆ ಸರಿ ಮಾಡಲು ಸಿಗುವ ಸಮಯ ಕಮ್ಮಿ. ಗೆಣ್ಣಿನ ಹತ್ತಿರದ ಮೂಳೆಯ ಬೆಳವಣಿಗೆ ಮೂರು ನಾಲ್ಕು ತಿಂಗಳಲ್ಲೇ ಬಹುಮಟ್ಟಿಗೆ ಮುಗಿಯುತ್ತದೆ. ಮಂಡಿಯ ಹತ್ತಿರದ್ದು ವರ್ಷ ದಾಟಿಯೂ ನಡೆಯುತ್ತದೆ. ಮರಿ ಹಾಕಿಸುವವರು ಮೊದಲ ತಿಂಗಳಲ್ಲೇ ಪಶುವೈದ್ಯರನ್ನು ಕರೆಯಿರಿ. ವರ್ಷ ಆದ ಮೇಲೆ ಕರೆದರೆ ಅವರು ಬಂದು ಚಹಾ ಕುಡಿದು ಹೋಗುತ್ತಾರೆ, ಅಷ್ಟೇ.

ದೊಡ್ಡ ಕುದುರೆಗೆ ಮಾಡಬಹುದಾದ್ದು ಇದ್ದ ಕಾಲಿಗೆ ಗೊರಸನ್ನು ಸಮ ಇಡುವುದು. ಗೊರಸು ತಿಂಗಳಿಗೆ 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿ ಲಾಳ ಕಟ್ಟಬೇಕು. ಮುಂದಿನ ತುದಿ ಉದ್ದ ಬಿಟ್ಟು ಹಿಮ್ಮಡಿ ತಗ್ಗಿಸಿದರೆ ಚೆಂದದ ಕಾಲೂ ಕೆಟ್ಟ ಕಾಲಿನ ಹಾಗೆ ಕೆಲಸ ಮಾಡುತ್ತದೆ. ಹುರಿಗೆ ಪ್ರತಿ ಹೆಜ್ಜೆಯಲ್ಲೂ ಎಳೆತ ಜಾಸ್ತಿ. ಲಾಳಕ್ಕೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಮಾಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಜೀನು ಮಾತ್ರ ವಿದೇಶದ್ದೇ ಬೇಕು!

ಇನ್ನೊಂದು ಎಚ್ಚರಿಕೆ ಹೇಳಬೇಕು. ಕುದುರೆಯ ಎದೆ, ಮಾಂಸ ಕೆಲವೇ ತಿಂಗಳಲ್ಲಿ ತಯಾರಾಗುತ್ತವೆ. ಮೂಳೆ, ಹುರಿ ತಯಾರಾಗಲು ವರ್ಷ, ಅದಕ್ಕೂ ಜಾಸ್ತಿ ಬೇಕು. ಕುದುರೆ ಏದುಸಿರು ಬಿಡುತ್ತಿಲ್ಲ, ಇನ್ನೂ ಓಡುತ್ತೇನೆ ಅನ್ನುತ್ತದೆ. ನಾವು ನಂಬುತ್ತೇವೆ. ಸೊಟ್ಟ ಕಾಲು ಬಣ್ಣ ಬಯಲು ಮಾಡುವುದು ಆವಾಗಲೇ.

ಈಗ ಹೊರಗೆ ಬನ್ನಿ, ಬಸ್ಯ ಬಂದಿದ್ದಾನೆ. ಮೊದಲು ನಡೆಸಿ ನೋಡೋಣ, ಆಮೇಲೆ ಟ್ರಾಟ್. ಹಗ್ಗ ಸಡಿಲ ಇರಲಿ. ಬಿಗಿ ಹಿಡಿದರೆ ತಲೆ ಅಲ್ಲಾಡುವುದು ಮುಚ್ಚಿಹೋಗುತ್ತದೆ. ಮಾರುವವರು ಬಿಗಿ ಹಿಡಿಯುವುದು ಅದಕ್ಕೇ ಇರಬಹುದು. ಮುಂಗಾಲು ನೋವಿದ್ದರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲೆ ಹೋಗುತ್ತದೆ, ಒಳ್ಳೆ ಕಾಲು ಮುಟ್ಟಿದಾಗ ಕೆಳಗೆ ಬರುತ್ತದೆ. ಹಿಂಗಾಲಿಗೆ ಸೊಂಟದ ಎರಡು ಮೂಳೆ ನೋಡಿ, ನೋವಿನ ಕಡೆಯದು ಜಾಸ್ತಿ ಏರಿಳಿಯುತ್ತದೆ. ಕಣ್ಣಿಗೆ ಸಿಗದಿದ್ದರೆ ಕಣ್ಣು ಮುಚ್ಚಿ. ಸಿಮೆಂಟಿನ ಮೇಲೆ ಟ್ರಾಟ್ ಎರಡೇ ತಾಳ. ಟಕ್ಕು, ಟಕ್ಕು. ಒಂದು ಜೋರು, ಒಂದು ಮೆಲ್ಲಗೆ ಕೇಳಿದರೆ ಎಲ್ಲೋ ಏನೋ ಇದೆ.

(ಅಂಗಳದಲ್ಲಿ ಬಸ್ಯನನ್ನು ನಾಲ್ಕು ಸಲ ಓಡಿಸಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.)

ಮಾರ್ವಾಡಿ ಕುದುರೆ ದೂರದ ಓಟಕ್ಕೆ ಆಗುತ್ತದೆಯೇ ಅಂತ ಆಲೂರಿನ ಒಬ್ಬರು ಕೇಳಿದರು. ಆಗುತ್ತದೆ. ರಾಜಸ್ಥಾನದ ಬಿಸಿಲಿನಲ್ಲಿ ಬೆಳೆದ ತಳಿ, ಗೊರಸು ಗಟ್ಟಿ. ಕೆಲವಕ್ಕೆ ರೇವಾಲ್ ಅನ್ನುವ ಮೆತ್ತನೆ ನಡಿಗೆ ಇರುತ್ತದೆ, ಸವಾರನ ಸೊಂಟಕ್ಕೆ ಹಿತ. ಆದರೆ ಕಿವಿ ಒಂದಕ್ಕೊಂದು ತಾಗುತ್ತದೆಯೇ ಅಂತ ನೋಡುವಷ್ಟೇ ಹೊತ್ತು ಹಾಕ್ ಹೇಗಿದೆ ಅಂತಲೂ ನೋಡಿ.

ಬೂಕನಬೆಟ್ಟದ ದನದ ಜಾತ್ರೆಗೆ ವರ್ಷವೂ ಹೋಗುವ ಒಬ್ಬರು, 'ಹಾಗಾದರೆ ಸುಳಿ ಸುಳ್ಳಾ?' ಅಂತ ಸ್ವಲ್ಪ ಬೇಸರದಲ್ಲೇ ಕೇಳಿದರು. ಸುಳಿ ನೋಡಿ, ಬೇಡ ಅನ್ನುವುದಿಲ್ಲ. ಕಾಲು ನೋಡಿದ ಮೇಲೆ ನೋಡಿ ಅಂದೆ. ಅವರು ನಕ್ಕರು, ಒಪ್ಪಿದ ಹಾಗೆ ಕಾಣಲಿಲ್ಲ.

ಕೊನೆಗೆ ಆದದ್ದೊಂದು ಹೇಳಬೇಕು. ಮಾತಾಡುವಾಗ ತುಂಗೆಯ ಒಂದು ಹಳೆ ಲಾಳ ಕೈಯಿಂದ ಕೈಗೆ ಕಳಿಸಿದ್ದೆ, ಸವೆದದ್ದು ನೋಡಲಿ ಅಂತ. ಅದು ತಿರುಗಿ ತಿರುಗಿ ಕೊನೆಯ ಸಾಲಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರ ಹತ್ತಿರ ನಿಂತುಬಿಟ್ಟಿತ್ತು. ಹಾಸನದಲ್ಲಿ ಜಟಕಾ ಓಡುತ್ತಿದ್ದ ಕಾಲದಿಂದ ಕುದುರೆಗೆ, ಎತ್ತಿಗೆ ಲಾಳ ಕಟ್ಟಿದವರಂತೆ. ಸಭೆ ಮುಗಿದ ಮೇಲೆ ಅದನ್ನು ತಂದು ಕೊಟ್ಟರು. ಹೆಬ್ಬೆರಳಿನಿಂದ ಅಂಚು ಸವರುತ್ತಾ, 'ಮುಂಗಾಲು, ಎಡದ್ದು' ಅಂದರು. ಹೇಗೆ ಅಂತ ಕೇಳಿದೆ. ಗುಂಡಗಿದೆ, ಹಿಂಗಾಲಿನದ್ದು ಆಗಿದ್ದರೆ ಚೂಪು ಇರುತ್ತಿತ್ತು. ಈ ಬದಿ ಉಬ್ಬು, ಈ ಬದಿ ನೇರ, ಉಬ್ಬು ಇರುವುದು ಹೊರಗೆ. 'ಒಳತುದಿ ಸವೆದಿದೆ. ಕಾಲು ಹೊರಕ್ಕೆ ತಿರುಗಿದ ಕುದುರೆ. ಇಲ್ಲಿಂದಲೇ ಎತ್ತುತ್ತದೆ.'

ನಾನು ಒಂದೂವರೆ ಗಂಟೆ ಹೇಳಿದ್ದನ್ನು ಅವರು ಲಾಳ ಹಿಡಿದು ಒಂದು ನಿಮಿಷದಲ್ಲಿ ಹೇಳಿದ್ದರು. ಸರಿಯಾಗಿ ಹೇಳಿದಿರಿ ಅಂದೆ. ಅವರು ಲಾಳ ಕೊಡಲಿಲ್ಲ. ಇನ್ನೊಮ್ಮೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

'ಬಲಗಾಲಿಂದು ಎಲ್ಲಿ? ಜೋಡಿ ಇಲ್ಲದೆ ಹೇಗೆ ಹೇಳೋದು?'

ಅದನ್ನು ನಾನು ಇಟ್ಟುಕೊಂಡಿರಲಿಲ್ಲ.